ತಿರುಳಿನ ಒಪ್ಪಿಗೆ

ಮಳೆಗಾಲ ಹಿಡಿಯುವುದಕ್ಕೆ ಮುಂಚೆ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಅಡಿಕೆ ತೋಟಗಳಲ್ಲಿ ಮದ್ದು ಬಿಡುವ ಕೆಲಸ ಭರದಿಂದ ಸಾಗುತ್ತದೆ. ಕೊಳೆರೋಗವನ್ನು ತಡೆಯುವ ಈ ಮದ್ದಿಗೆ ಬೋರ್ಡೋ ದ್ರಾವಣವೆಂದು ಹೆಸರು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು, ಇದು ಅದರ ಪಾಕ. ಪಾಕ ಸಿದ್ಧವಾದೊಡನೆ ಅನುಭವಿಯಾದ ಕೃಷಿಕನು ಅದನ್ನು ಮರಕ್ಕೆ ಸಿಂಪಡಿಸುವುದಿಲ್ಲ. ಮೊದಲು ಹೊಳೆಯುವ ಕಬ್ಬಿಣದ ಚೂರಿಯ ಅಲಗನ್ನು ಅದರಲ್ಲಿ ಅದ್ದಿ ತೆಗೆಯುತ್ತಾನೆ. ಅಲಗಿನ ಮೇಲೆ ತಾಮ್ರದ ಕೆಂಪು ಮೂಡಿದರೆ ಸುಣ್ಣ ಸಾಲದೆಂದು ಅರ್ಥ. ಅಂಥ ಮದ್ದು ರೋಗದ ಜೊತೆಗೆ ಎಳೆಯ ಕಾಯಿಯನ್ನೂ ಸುಟ್ಟೀತು. ರೋಗಕ್ಕೆ ಮದ್ದಾದುದು ಮರಕ್ಕೆ ವಿಷವಾಗಬಾರದು ಎಂಬ ವಿವೇಕವು ಆ ಸಣ್ಣ ಪರೀಕ್ಷೆಯಲ್ಲಿ ಅಡಗಿದೆ.

ಇದೇ ವಿವೇಕವು ಮನುಷ್ಯನ ಹುಳುಕು ಹಲ್ಲನ್ನು ದುರಸ್ತಿ ಮಾಡುವವರಿಗೂ ಬೇಕು. ಹಲ್ಲನ್ನು ನಾವು ಕಲ್ಲಿನ ಚೂರೆಂಬಂತೆ ಕಾಣುತ್ತೇವೆ. ಆದರೆ ಹಲ್ಲು ಜೀವವುಳ್ಳದ್ದು. ಹೊರಗಿನ ಎನಾಮಲ್ ಎಂಬ ಗಟ್ಟಿ ಹೊದಿಕೆಯ ಒಳಗೆ ಡೆಂಟಿನ್ ಎಂಬ ಪದರವಿದೆ. ಅದರೊಳಗೆ ರಕ್ತನಾಳಗಳೂ ನರಗಳೂ ಸೇರಿದ ಮೆತ್ತನೆಯ ತಿರುಳು ಇದೆ. ಡೆಂಟಿನ್ನಿನ ಒಂದು ಚದರ ಮಿಲಿಮೀಟರಿನಲ್ಲಿ ಹತ್ತಾರು ಸಾವಿರ ಸೂಕ್ಷ್ಮ ನಾಳಗಳಿವೆ. ಕುಳಿಯಲ್ಲಿ ತುಂಬಿದ ವಸ್ತುವಿನಿಂದ ಏನಾದರೂ ಸ್ರವಿಸಿದರೆ ಈ ನಾಳಗಳ ಮೂಲಕ ಅದು ತಿರುಳನ್ನು ಮುಟ್ಟಬಲ್ಲುದು. ಆದುದರಿಂದ ದಂತಪೂರಕ ವಸ್ತು ಗಟ್ಟಿಯಾಗಿದ್ದರೆ ಸಾಲದು; ಅದಕ್ಕೆ ತಿರುಳಿನ ಒಪ್ಪಿಗೆಯೂ ಬೇಕು.

ಈ ಒಪ್ಪಿಗೆಯನ್ನು ತಿಳಿಯುವುದು ಸುಲಭವಲ್ಲವೆಂಬುದಕ್ಕೆ ನನ್ನ ಬಾಲ್ಯದ ಒಂದು ಪ್ರಸಂಗ ಸಾಕ್ಷಿ. ಹಲ್ಲುನೋವಿನಿಂದ ನರಳುತ್ತಿದ್ದ ನನಗೆ ಅಮ್ಮ ಒಂದು ಲವಂಗವನ್ನು ಜಜ್ಜಿ ಹುಳುಕಿನೊಳಗೆ ಒತ್ತಿದರು. ನೋವು ತಗ್ಗಿತು, ನಿದ್ದೆ ಬಂತು. ಮರುದಿನ ಬುದ್ಧಿವಂತಿಕೆ ತೋರಿಸಲು ಹೋಗಿ, ನಾನೇ ಲವಂಗದೆಣ್ಣೆಯನ್ನು ಹತ್ತಿಯಲ್ಲಿ ಅದ್ದಿ ವಸಡಿನ ಮೇಲೆ ಇಟ್ಟುಕೊಂಡೆ. ವಸಡು ಉರಿದು ಬಿಳಿಚಿತು. ಎರಡು ದಿನ ಗಂಜಿಯನ್ನೂ ಕುಡಿಯಲಾಗಲಿಲ್ಲ. ವಸ್ತು ಒಂದೇ. ಒಂದೆಡೆ ಅದು ಶಮನಕಾರಿ, ಇನ್ನೊಂದೆಡೆ ದಾಹಕ. ಇದೇಕೆ ಎಂಬುದು ನನಗೆ ಅರ್ಥವಾಗಲು ಬಹಳ ವರ್ಷಗಳು ಬೇಕಾದುವು.

ಲವಂಗದ ಗುಣಕ್ಕೆ ಕಾರಣ ಅದರಲ್ಲಿರುವ ಯೂಜಿನಾಲ್ ಎಂಬ ದ್ರವ್ಯ. ಸತುವಿನ ಆಕ್ಸೈಡಿನ ಪುಡಿಯೊಡನೆ ಇದನ್ನು ಕಲಸಿದ ಲೇಪವನ್ನು ದಂತವೈದ್ಯರು ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಬಳಸುತ್ತ ಬಂದಿದ್ದಾರೆ. ಕುಳಿಗೂ ತಿರುಳಿಗೂ ನಡುವೆ ಡೆಂಟಿನ್ನಿನ ಗೋಡೆ ಇದ್ದರೆ ಯೂಜಿನಾಲ್ ಅತ್ಯಲ್ಪ ಪ್ರಮಾಣದಲ್ಲಿ, ನಿಧಾನವಾಗಿ ಒಳಗಿಳಿದು ನೋವನ್ನು ತಣಿಸುತ್ತದೆ. ಗೋಡೆ ಇಲ್ಲದೆಡೆ ಅದೇ ಯೂಜಿನಾಲ್ ಜೀವಕೋಶಗಳನ್ನು ಕೊಲ್ಲುತ್ತದೆ. ಹಾಗಾದರೆ ‘ಈ ವಸ್ತು ಒಳ್ಳೆಯದೇ?’ ಎಂಬ ಪ್ರಶ್ನೆಯೇ ಅಪೂರ್ಣ. ಎಲ್ಲಿ, ಎಷ್ಟು, ಎಷ್ಟು ಕಾಲ ಎಂಬ ಮೂರನ್ನೂ ಕೂಡಿಸಿದಾಗಲೇ ಅದು ಪೂರ್ಣವಾದ ಪ್ರಶ್ನೆಯಾಗುತ್ತದೆ.

ವಿಜ್ಞಾನಿಗಳು ಈ ಪ್ರಶ್ನೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕೇಳುತ್ತಾರೆ. ಮೊದಲನೆಯ ಮೆಟ್ಟಿಲು ಗಾಜಿನ ಪಾತ್ರೆಯದು. ಇಲಿಯ ಅಂಗಾಂಶದಿಂದ 1940ರ ದಶಕದಲ್ಲಿ ಪಡೆದು ಇಂದಿಗೂ ಪ್ರಯೋಗಾಲಯಗಳಲ್ಲಿ ಬೆಳೆಸುತ್ತಿರುವ ಜೀವಕೋಶಗಳ ಒಂದು ವಂಶವುಂಟು. ಇವುಗಳನ್ನು 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಟ್ಟು, ಪರೀಕ್ಷಿಸಬೇಕಾದ ವಸ್ತುವನ್ನು ನೆನೆಸಿದ ದ್ರವವನ್ನು ಅವುಗಳ ಮೇಲೆ ಸುರಿಯುತ್ತಾರೆ. ಆಮೇಲೆ ಹಳದಿ ಬಣ್ಣದ ಒಂದು ದ್ರಾವಣವನ್ನು ಸೇರಿಸುತ್ತಾರೆ. ಬದುಕಿರುವ ಕೋಶಗಳು ಹಳದಿಯನ್ನು ನೇರಳೆಯಾಗಿ ಮಾರ್ಪಡಿಸುತ್ತವೆ, ಸತ್ತವು ಮಾರ್ಪಡಿಸಲಾರವು. ವಸ್ತುವಿನ ಸೋಂಕಿಲ್ಲದ ಕೋಶಗಳಿಗೆ ಹೋಲಿಸಿದಾಗ ಜೀವಂತಿಕೆ ಶೇಕಡಾ 70ಕ್ಕಿಂತ ಕೆಳಗಿಳಿದರೆ ಆ ವಸ್ತುವನ್ನು ಶಂಕೆಯಿಂದ ಕಾಣಬೇಕೆಂಬುದು ನಿಯಮ. ಕೃಷಿಕನ ಚೂರಿಯಲ್ಲಿ ಕೆಂಪು ಮೂಡುವಂತೆ ಇಲ್ಲಿ ನೇರಳೆ ಮಾಸುತ್ತದೆ.

ಎರಡನೆಯ ಮೆಟ್ಟಿಲಿನಲ್ಲಿ ಪ್ರಾಣಿಗಳ ಅಂಗಾಂಶದಲ್ಲಿ ವಸ್ತುವನ್ನಿಟ್ಟು ಅದರ ಸುತ್ತ ಉರಿಯೂತ ಉಂಟಾಗುವುದೇ ಎಂದು ನೋಡುತ್ತಾರೆ. ಮೂರನೆಯದು ಹಲ್ಲಿನಲ್ಲಿಯೇ ನಡೆಯುವ ಪರೀಕ್ಷೆ. ಹಲ್ಲಿನ ಸಾಲನ್ನು ನೇರ್ಪಡಿಸುವ ಚಿಕಿತ್ಸೆಗಾಗಿ ಹೇಗೂ ಕೀಳಬೇಕಾದ ಹಲ್ಲುಗಳಿರುತ್ತವೆ. ಒಪ್ಪಿಗೆ ಪಡೆದು, ಅಂಥ ಹಲ್ಲಿನಲ್ಲಿ ಕುಳಿ ಕೊರೆದು ವಸ್ತುವನ್ನು ತುಂಬಿ, ಗೊತ್ತುಪಡಿಸಿದ ದಿನಗಳ ಬಳಿಕ ಕಿತ್ತು, ತೆಳುವಾದ ಸೀಳುಗಳನ್ನಾಗಿ ಮಾಡಿ ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸುತ್ತಾರೆ. ದಂತವೈದ್ಯದ ವಸ್ತುಗಳಿಗೆ ಇಂಥ ಪರೀಕ್ಷೆಗಳ ಕ್ರಮವನ್ನು ನಿರೂಪಿಸುವ 7405ನೆಯ ಅಂತರರಾಷ್ಟ್ರೀಯ ಮಾನಕವು 1997ರಲ್ಲಿ ಪ್ರಕಟವಾಯಿತು.

ಮೊದಲ ಮೆಟ್ಟಿಲಿನ ತೀರ್ಪೇ ಕೊನೆಯದಲ್ಲ. ಯೂಜಿನಾಲ್ ಲೇಪವು ಗಾಜಿನ ಪಾತ್ರೆಯಲ್ಲಿ ಕೋಶಗಳನ್ನು ಕೊಂದು ಅಪರಾಧಿಯಾಗಿ ನಿಲ್ಲುತ್ತದೆ. ಡೆಂಟಿನ್ ಉಳಿದಿರುವ ಹಲ್ಲಿನಲ್ಲಿ ಅದೇ ಲೇಪ ಉಪಕಾರಿ. ಈ ತೊಡಕನ್ನು ಅರಿತ ವಿಜ್ಞಾನಿಗಳು ವಸ್ತುವಿಗೂ ಕೋಶಗಳಿಗೂ ನಡುವೆ ಡೆಂಟಿನ್ನಿನ ತೆಳುವಾದ ಬಿಲ್ಲೆಯನ್ನಿಟ್ಟು ಪರೀಕ್ಷಿಸುವ ವಿಧಾನವನ್ನೂ ರೂಪಿಸಿದರು. ಪರೀಕ್ಷೆಯು ನಿಜವಾದ ಬಾಯಿಗೆ ಹತ್ತಿರವಾದಷ್ಟೂ ಅದರ ಉತ್ತರ ನಂಬಲರ್ಹವಾಗುತ್ತದೆ.

ಕೆಲವೊಮ್ಮೆ ಅಪರಾಧಿಯೇ ಬೇರೆಯಾಗಿರುವುದುಂಟು. ಹಲ್ಲು ತುಂಬಿಸಿದ ಮೇಲೆ ತಿರುಳು ಸತ್ತರೆ ತುಂಬಿಸಿದ ವಸ್ತುವೇ ವಿಷವೆಂದು ಬಹುಕಾಲ ನಂಬಲಾಗಿತ್ತು. 1965ರಲ್ಲಿ ಅಮೆರಿಕದ ಕಾಕೆಹಾಶಿ, ಸ್ಟ್ಯಾನ್ಲಿ, ಫಿಟ್ಜ್‌ಜೆರಾಲ್ಡ್ ಎಂಬ ಮೂವರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಅವರು ಎರಡು ಗುಂಪು ಇಲಿಗಳ ಹಲ್ಲನ್ನು ತಿರುಳು ಕಾಣುವವರೆಗೆ ಕೊರೆದು ಹಾಗೆಯೇ ಬಿಟ್ಟರು. ಸಾಮಾನ್ಯ ಇಲಿಗಳಲ್ಲಿ ತಿರುಳು ಕೊಳೆತುಹೋಯಿತು. ಹುಟ್ಟಿನಿಂದಲೇ ಸೂಕ್ಷ್ಮಜೀವಿಗಳಿಲ್ಲದ ವಾತಾವರಣದಲ್ಲಿ ಬೆಳೆಸಿದ ಇಲಿಗಳಲ್ಲಿಯಾದರೋ, ಗಾಯಕ್ಕೆ ಆಹಾರದ ತುಣುಕುಗಳು ತುರುಕಿದ್ದರೂ, ತಿರುಳು ಬದುಕಿ ಹೊಸ ಡೆಂಟಿನ್ನಿನ ಸೇತುವೆಯನ್ನು ಕಟ್ಟಿಕೊಂಡಿತು. 1987ರಲ್ಲಿ ಕಾಕ್ಸ್ ಮತ್ತು ಸಂಗಡಿಗರು ಕೋತಿಗಳ ತೆರೆದ ತಿರುಳಿನ ಮೇಲೆಯೇ, ಅದುವರೆಗೆ ಹಾನಿಕರವೆನಿಸಿದ್ದ ವಸ್ತುಗಳನ್ನಿಟ್ಟು, ಮೇಲ್ಭಾಗವನ್ನು ಯೂಜಿನಾಲ್ ಲೇಪದಿಂದ ಬಿಗಿಯಾಗಿ ಮುಚ್ಚಿದರು. ಅಲ್ಲಿಯೂ ತಿರುಳು ಗುಣವಾಗುವುದು ಕಂಡಿತು. ವಸ್ತುವಿಗೂ ಹಲ್ಲಿಗೂ ನಡುವಣ ಬಿರುಕಿನಲ್ಲಿ ನುಸುಳುವ ಸೂಕ್ಷ್ಮಜೀವಿಗಳೇ ದೊಡ್ಡ ಶತ್ರುಗಳೆಂದು ಇದರಿಂದ ಖಚಿತವಾಯಿತು. ಸೋರುವ ಮಾಡಿನ ಕೆಳಗೆ ಗೋಡೆ ಕುಸಿದರೆ ತಪ್ಪು ಗೋಡೆಯ ಮಣ್ಣಿನದಷ್ಟೇ ಅಲ್ಲ.

ನಮ್ಮ ವೀಳ್ಯದ ಸುಣ್ಣವೂ ಈ ಕಥೆಯಲ್ಲಿ ಪಾತ್ರ ವಹಿಸಿದೆ. ಅದರ ರಾಸಾಯನಿಕ ನಾಮ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. 1920ರಲ್ಲಿ ಜರ್ಮನಿಯ ಹರ್ಮನ್ ಅದನ್ನು ದಂತಚಿಕಿತ್ಸೆಗೆ ತಂದನು. ಅದರ ಶುದ್ಧರೂಪವು ತಿರುಳಿನ ಮೇಲ್ಪದರವನ್ನು ತುಸು ಸುಡುತ್ತದೆ. ಆ ಪ್ರಚೋದನೆಯಿಂದಲೇ ತಿರುಳು ಸೇತುವೆ ಕಟ್ಟುತ್ತದೆ. 1993ರಿಂದ ಅಮೆರಿಕದ ತೊರಾಬಿನೆಜಾದ್ ಮತ್ತು ಸಂಗಡಿಗರು ಪರಿಚಯಿಸಿದ, ಮನೆ ಕಟ್ಟುವ ಸಿಮೆಂಟಿನ ಬಳಗಕ್ಕೇ ಸೇರಿದ ವಸ್ತುವೊಂದು ಇದೇ ಕೆಲಸವನ್ನು ಇನ್ನಷ್ಟು ಚೆನ್ನಾಗಿ ಮಾಡುತ್ತದೆ. ಇದನ್ನೋದಿ ಯಾರೂ ಸಂಚಿಯ ಸುಣ್ಣವನ್ನು ಹಲ್ಲಿಗೆ ಹಚ್ಚಬಾರದು. ಎಲ್ಲಿ, ಎಷ್ಟು ಎಂಬ ಪಾಠವನ್ನು ನನ್ನ ವಸಡು ಈಗಾಗಲೇ ಕಲಿಸಿದೆ.

ಸುಳ್ಯದಲ್ಲಿ 1991ರಲ್ಲಿ ಕೆ.ವಿ.ಜಿ. ದಂತ ವೈದ್ಯಕೀಯ ಮಹಾವಿದ್ಯಾಲಯ ಆರಂಭವಾಯಿತು. ಅದರ ಸ್ಥಾಪಕರು ಕುರುಂಜಿ ವೆಂಕಟರಮಣ ಗೌಡರು. ಹಲ್ಲುನೋವಿಗೆ ಲವಂಗವನ್ನೋ ಇಕ್ಕಳವನ್ನೋ ನೆಚ್ಚಬೇಕಾಗಿದ್ದ ಈ ಮಲೆಯ ಸೆರಗಿನ ಹಳ್ಳಿಗಳಿಗೆ ಹಲ್ಲನ್ನು ಉಳಿಸಿಕೊಳ್ಳುವ ಅವಕಾಶ ಹತ್ತಿರವಾಯಿತು. ಅಂಥ ಆಸ್ಪತ್ರೆಯ ಕುರ್ಚಿಯಲ್ಲಿ ಬಾಯಿ ತೆರೆದು ಕೂತಾಗ, ವೈದ್ಯರು ಕಲಸುವ ಚಿಟಿಕೆ ಲೇಪದ ಹಿಂದೆ ಎಷ್ಟು ಪರೀಕ್ಷೆಗಳಿವೆ, ಎಷ್ಟು ಮೂಕಪ್ರಾಣಿಗಳ ಋಣವಿದೆ ಎಂಬುದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಆ ಋಣವನ್ನು ಹಗುರಾಗಿಸಲೆಂದೇ, ಗಾಜಿನ ಪಾತ್ರೆಯಲ್ಲಿ ತಿಳಿಯಬಹುದಾದುದನ್ನು ಪ್ರಾಣಿಯ ಮೇಲೆ ಪ್ರಯೋಗಿಸಬಾರದೆಂಬ ನೀತಿಯನ್ನು ವಿಜ್ಞಾನ ಒಪ್ಪಿಕೊಂಡಿದೆ. ಪರೀಕ್ಷೆಗಾಗಿ ಹಲ್ಲು ಕೊಡುವವರಲ್ಲಿ ಅನೇಕರು ನಿಮ್ಮ ವಯಸ್ಸಿನವರೇ. ಅಂಥವರಿಗೂ ಅವರ ಹೆತ್ತವರಿಗೂ ಎಲ್ಲವನ್ನೂ ತಿಳಿಸಿ ಹೇಳಬೇಕು, ಬೇಡವೆಂದರೆ ಬಿಡಬೇಕು. ತಿರುಳಿನ ಒಪ್ಪಿಗೆಯನ್ನು ಕೇಳುವ ಮೊದಲು ಮನುಷ್ಯನ ಒಪ್ಪಿಗೆಯನ್ನು ಕೇಳುವುದು ಧರ್ಮ.

ಮದ್ದನ್ನು ಮರಕ್ಕೆ ಬಿಡುವ ಮೊದಲು ಚೂರಿಯನ್ನು ಅದ್ದಿ ನೋಡುವ ಕೃಷಿಕನಿಗೆ ಮರದ ಮೇಲೆ ಮಮತೆಯಿದೆ, ತನ್ನ ಪಾಕದ ಮೇಲೆ ಸಂಶಯವಿದೆ. ಜೀವವುಳ್ಳದ್ದನ್ನು ಮುಟ್ಟುವ ಕೈಗಳಿಗೆಲ್ಲ ಈ ಎರಡು ಗುಣಗಳೂ ಇರಬೇಕು.