ರಾಶಿಯೂ ಚೀಲವೂ: ಧಾನ್ಯದ ಸಾಗಣೆಯಲ್ಲಿ ಯಂತ್ರದ ಪ್ರವೇಶ

ಧಾನ್ಯ, ಹಿಟ್ಟು, ಸಕ್ಕರೆ, ಸಿಮೆಂಟು ಮುಂತಾದ ಪದಾರ್ಥಗಳಿಗೆ ಒಂದು ವಿಶೇಷ ಗುಣವುಂಟು. ಚೀಲದಲ್ಲಿರುವಾಗ ಅವು ಎಣಿಸಬಹುದಾದ ವಸ್ತುಗಳು. ಚೀಲದಿಂದ ಸುರಿದೊಡನೆ ಹರಿಯುವ ರಾಶಿ. ಚೀಲವನ್ನು ಹೊರಲು ಮನುಷ್ಯನ ಬೆನ್ನು ಬೇಕು. ರಾಶಿಯನ್ನಾದರೋ ಯಂತ್ರವು ನೀರಿನಂತೆ ಎತ್ತಿ ಹರಿಸಬಲ್ಲುದು. ಇಂದಿನ ಕಾರ್ಖಾನೆಗಳಲ್ಲಿ ಪದಾರ್ಥವು ಕಣಜದಿಂದ ಹೊರಟು, ತೂಗಿ ಹೊಲಿದ ಚೀಲವಾಗುವವರೆಗೆ ಕೈ ಸೋಂಕದೆ ಸಾಗುವ ಏರ್ಪಾಡು ಈ ಭೇದವನ್ನೇ ಆಧರಿಸಿದೆ. ಈ ಏರ್ಪಾಡು ಧಾನ್ಯದ ವ್ಯಾಪಾರದಲ್ಲಿ ಹೇಗೆ ಬೆಳೆಯಿತು, ಅದರಿಂದ ಒಡೆತನ, ತೂಕ, ಕೂಲಿ ಇವುಗಳಲ್ಲಿ ಏನು ಬದಲಾಯಿತು ಎಂಬುದನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸಿದೆ.

ಇದರ ಆದಿಪುರುಷನೆಂದು ಅಮೆರಿಕದ ಡೆಲವೇರ್ ಪ್ರಾಂತದ ಆಲಿವರ್ ಇವಾನ್ಸನನ್ನು (1755–1819) ಹೆಸರಿಸಬೇಕು. ಅವನ ಕಾಲದ ಹಿಟ್ಟಿನ ಗಿರಣಿಗಳಲ್ಲಿ ನೀರಿನ ಚಕ್ರವು ಬೀಸುವ ಕಲ್ಲನ್ನು ತಿರುಗಿಸುತ್ತಿತ್ತು. ಆದರೆ ಗೋಧಿಯನ್ನು ಅಟ್ಟಕ್ಕೆ ಏರಿಸುವುದು, ಬೀಸಿದ ಹಿಟ್ಟನ್ನು ಮೇಲಕ್ಕೆ ಹೊತ್ತು ಹರಡಿ ಆರಿಸುವುದು, ಅದನ್ನು ಜರಡಿಯ ಬಾಯಿಗೆ ಎಳೆದುಹಾಕುವುದು ಇವೆಲ್ಲವೂ ಆಳುಗಳ ಕೆಲಸವಾಗಿದ್ದುವು. 1780ರ ದಶಕದಲ್ಲಿ ಇವಾನ್ಸನು ರೆಡ್ ಕ್ಲೇ ಹೊಳೆಯ ದಡದ ತನ್ನ ಗಿರಣಿಯಲ್ಲಿ ಈ ಬಿಡಿ ಕೆಲಸಗಳನ್ನು ಒಂದೇ ಸರಣಿಯಾಗಿ ಹೆಣೆದನು. ಬಾವಿಯಿಂದ ನೀರೆತ್ತುವ ಗಡಿಗೆಗಳ ರಾಟೆಯಂತೆ, ತೊಗಲಿನ ಪಟ್ಟಿಗೆ ಜೋಡಿಸಿದ ಸಣ್ಣ ತೊಟ್ಟಿಗಳು ಧಾನ್ಯವನ್ನು ಮೇಲಕ್ಕೆ ಒಯ್ದುವು. ತಿರುಪಿನಾಕಾರದ ದಂಡವು ಅದನ್ನು ಅಡ್ಡಲಾಗಿ ಸಾಗಿಸಿತು. ಸುತ್ತುವ ಕುಂಟೆಯೊಂದು ಬಿಸಿ ಹಿಟ್ಟನ್ನು ಹರಡಿ ಆರಿಸಿ ಜರಡಿಯ ಕಡೆಗೆ ದೂಡಿತು. ಈ ಕಡೆಯ ಕೆಲಸವನ್ನು ಹಿಂದೆ ಒಬ್ಬ ಹುಡುಗನು ಮಾಡುತ್ತಿದ್ದುದರಿಂದ ಯಂತ್ರಕ್ಕೂ ‘ಹಾಪರ್ ಬಾಯ್’ ಎಂಬ ಹೆಸರೇ ನಿಂತಿತು. 1790ರಲ್ಲಿ ಇವಾನ್ಸನು ಪಡೆದುದು ಆ ದೇಶದ ಮೂರನೆಯ ಪೇಟೆಂಟು. ಮರುವರ್ಷವೇ ಜಾರ್ಜ್ ವಾಷಿಂಗ್ಟನ್ ತನ್ನ ಮೌಂಟ್ ವರ್ನನ್ ಗಿರಣಿಯಲ್ಲಿ ಈ ಏರ್ಪಾಡನ್ನು ಅಳವಡಿಸಿಕೊಂಡನು.

ಗಿರಣಿಯೊಳಗಿನ ಈ ತತ್ತ್ವವು ಬಂದರಿಗೆ ಬಂದುದು ಐವತ್ತು ವರ್ಷಗಳ ತರುವಾಯ. 1825ರಲ್ಲಿ ಈರಿ ಕಾಲುವೆಯು ತೆರೆದ ಮೇಲೆ ಪಶ್ಚಿಮದ ಗೋಧಿಯೆಲ್ಲ ಸರೋವರದ ಹಡಗುಗಳಲ್ಲಿ ಬಫಲೋ ನಗರಕ್ಕೆ ಬಂದು, ಅಲ್ಲಿ ಕಾಲುವೆಯ ದೋಣಿಗಳಿಗೆ ವರ್ಗವಾಗಬೇಕಾಗಿತ್ತು. ಈ ಕೆಲಸವನ್ನು ಹೆಚ್ಚಾಗಿ ಐರಿಷ್ ಕೂಲಿಗಳು ಬೆನ್ನ ಮೇಲೆ ಹೊತ್ತು ಮಾಡುತ್ತಿದ್ದರು. 1842ರಲ್ಲಿ ಜೋಸೆಫ್ ಡಾರ್ಟ್ ಎಂಬ ವರ್ತಕನು ರಾಬರ್ಟ್ ಡನ್‌ಬಾರ್ ಎಂಬ ಎಂಜಿನಿಯರನ ನೆರವಿನಿಂದ ಉಗಿಯಂತ್ರದ ಎತ್ತುಗವನ್ನು ಕಟ್ಟಿಸಲು ಹೊರಟಾಗ, ಐರಿಷರ ಬೆನ್ನಿಗಿಂತ ಅಗ್ಗದ ಯಂತ್ರವಿಲ್ಲವೆಂದು ಇನ್ನೊಬ್ಬ ವರ್ತಕನು ಅವನಿಗೆ ಎಚ್ಚರಿಕೆ ಹೇಳಿದನಂತೆ. ಆದರೂ ಡಾರ್ಟನ ಎತ್ತುಗವು ಗಂಟೆಗೆ ಸುಮಾರು 1,000 ಬುಷೆಲ್, ಎಂದರೆ ಸುಮಾರು 27 ಟನ್ ಗೋಧಿಯನ್ನು ಹಡಗಿನ ಒಡಲಿನಿಂದ ಮೇಲೆತ್ತಿತು.

ಇಲ್ಲಿಂದ ಮುಂದಿನ ಪರಿಣಾಮವು ಚರಿತ್ರೆಯ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸತಕ್ಕುದು. ಧಾನ್ಯವು ಚೀಲದಲ್ಲಿರುವವರೆಗೆ ಅದು ಇಂಥ ರೈತನದೆಂದು ಹೇಳಬಹುದಾಗಿತ್ತು. ಕಣಜಕ್ಕೆ ಸುರಿದ ಮೇಲೆ ಒಬ್ಬನ ಗೋಧಿ ಇನ್ನೊಬ್ಬನದರಲ್ಲಿ ಬೆರೆಯಿತು. ಆದುದರಿಂದ 1848ರಲ್ಲಿ ಸ್ಥಾಪಿತವಾದ ಷಿಕಾಗೋ ವರ್ತಕಮಂಡಲಿಯು 1856ರಲ್ಲಿ ಗೋಧಿಯನ್ನು ದರ್ಜೆಗಳಾಗಿ ವಿಂಗಡಿಸಿತು. ರೈತನ ಕೈಗೆ ಬಂದುದು ಇಷ್ಟು ಬುಷೆಲ್, ಇಂಥ ದರ್ಜೆ ಎಂಬ ರಸೀದಿ ಮಾತ್ರ. ದರ್ಜೆ, ತೂಕ, ಬಾಡಿಗೆ ಈ ಮೂರರಲ್ಲಿಯೂ ಕಣಜದ ಒಡೆಯನ ಮಾತೇ ನಡೆಯತೊಡಗಿದಾಗ ರೈತರು ರೊಚ್ಚಿಗೆದ್ದರು. 1871ರಲ್ಲಿ ಇಲಿನಾಯ್ ಪ್ರಾಂತವು ಬಾಡಿಗೆಗೆ ಮಿತಿ ಹಾಕಿತು. 1877ರಲ್ಲಿ ‘ಮನ್ ವಿರುದ್ಧ ಇಲಿನಾಯ್’ ಮೊಕದ್ದಮೆಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಆ ಕಾನೂನನ್ನು ಎತ್ತಿಹಿಡಿಯಿತು. ಸಾರ್ವಜನಿಕರ ಹಿತಕ್ಕೆ ಸಂಬಂಧಿಸಿದ ಖಾಸಗಿ ಉದ್ಯಮವನ್ನು ಸರ್ಕಾರವು ನಿಯಂತ್ರಿಸಬಹುದೆಂಬ ತತ್ತ್ವಕ್ಕೆ ಹೀಗೆ ಧಾನ್ಯದ ಕಣಜವೇ ನಿಮಿತ್ತವಾಯಿತು.

ರಾಶಿಯನ್ನು ಮತ್ತೆ ಚೀಲಕ್ಕೆ ತುಂಬುವುದು ಎತ್ತುವುದಕ್ಕಿಂತ ಸೂಕ್ಷ್ಮವಾದ ಕೆಲಸ. ಏಕೆಂದರೆ ಧಾನ್ಯವು ಹರಿದರೂ ನೀರಲ್ಲ. ತೊಟ್ಟಿಯ ನೀರು ಆಳವಾದಷ್ಟೂ ತಳದ ಒತ್ತಡ ಹೆಚ್ಚುತ್ತದೆ. ಕಣಜದಲ್ಲಿಯಾದರೋ ಗೋಡೆಗಳ ಉಜ್ಜುವಿಕೆಯೇ ಭಾರದ ಬಹುಭಾಗವನ್ನು ಹೊರುವುದರಿಂದ ತಳದ ಒತ್ತಡವು ಒಂದು ಮಿತಿಯನ್ನು ಮುಟ್ಟಿ ನಿಲ್ಲುತ್ತದೆಂದು ಜರ್ಮನಿಯ ಎಂಜಿನಿಯರ್ ಯಾನ್ಸೆನ್ 1895ರಲ್ಲಿ ತೋರಿಸಿದನು. ಹಿಟ್ಟು, ಸಿಮೆಂಟುಗಳಂಥ ನುಣುಪಾದ ಪುಡಿಗಳು ಲಾಳಿಕೆಯ ಕಂಠದಲ್ಲಿ ಕಮಾನು ಕಟ್ಟಿ ಹರಿಯದೆ ನಿಲ್ಲುವುದೂ ಉಂಟು. ಲಾಳಿಕೆಯ ಓರೆಯೂ ಬಾಯಿಯ ಅಗಲವೂ ಎಷ್ಟಿದ್ದರೆ ಪದಾರ್ಥವು ತಡೆಯಿಲ್ಲದೆ ಇಳಿಯುವುದೆಂಬ ಲೆಕ್ಕವನ್ನು 1964ರಲ್ಲಿ ಯೂಟಾ ವಿಶ್ವವಿದ್ಯಾನಿಲಯದ ಆಂಡ್ರೂ ಜೆನಿಕೆ ಪ್ರಕಟಿಸಿದನು. ಚೀಲ ತುಂಬುವ ಯಂತ್ರವು ನೆಚ್ಚಿರುವುದು ಈ ಸಮನಾದ ಹರಿವನ್ನೇ. ಮೊದಲು ಬಾಗಿಲು ಅಗಲವಾಗಿ ತೆರೆಯುತ್ತದೆ. ಗೊತ್ತಾದ ತೂಕವು ಸಮೀಪಿಸಿದಂತೆ ಕಿರಿದಾಗುತ್ತದೆ. ಗಾಳಿಯಲ್ಲಿ ಇನ್ನೂ ಬೀಳುತ್ತಿರುವ ಕಾಳನ್ನೂ ಲೆಕ್ಕಕ್ಕೆ ಹಿಡಿದು ಸ್ವಲ್ಪ ಮೊದಲೇ ಮುಚ್ಚಿಕೊಳ್ಳುತ್ತದೆ. ಹರಿವು ಏರುಪೇರಾದರೆ ತೂಕವೂ ತಪ್ಪುತ್ತದೆ.

ಯಂತ್ರವು ಕೂಲಿಗಾರನನ್ನು ಪೂರ್ತಿಯಾಗಿ ನಿವಾರಿಸಿತೆಂದು ಭಾವಿಸಲಾಗದು. ಬಫಲೋದಲ್ಲಿ ಎತ್ತುಗದ ತೊಟ್ಟಿಗಳು ಹಡಗಿನ ಮೂಲೆಗಳನ್ನು ಮುಟ್ಟಲಾರದಾಗಿದ್ದುವು. ಅಲ್ಲಿ ಉಳಿದ ಧಾನ್ಯವನ್ನು ದೂಳಿನ ನಡುವೆ ನಿಂತು ಎಳೆದುಹಾಕಲು ಆಳುಗಳೇ ಬೇಕಾಗಿತ್ತು. ತಮ್ಮ ಕೂಲಿಯನ್ನು ಮದ್ಯದಂಗಡಿಗಳಿಗೆ ಗಂಟುಹಾಕಿದ್ದ ಗುತ್ತಿಗೆ ಪದ್ಧತಿಯ ವಿರುದ್ಧ 1899ರಲ್ಲಿ ಅವರು ಮುಷ್ಕರ ಹೂಡಿದರು.

ನಮ್ಮ ದೇಶದಲ್ಲಿಯೂ ಈ ಕ್ರಮವು ಕಾಲಿಟ್ಟಿದೆ. ಭಾರತ ಆಹಾರ ನಿಗಮದ ಗೋಧಿಗಾಗಿ 2007ರಲ್ಲಿ ಪಂಜಾಬಿನ ಮೋಗಾದಲ್ಲಿ ದೊಡ್ಡ ಉಕ್ಕಿನ ಕಣಜಗಳು ಬಳಕೆಗೆ ಬಂದುವು. ಅಲ್ಲಿಂದ ಚೆನ್ನೈ, ಕೊಯಮತ್ತೂರು, ಬೆಂಗಳೂರುಗಳ ಕಣಜಗಳಿಗೆ ಗೋಧಿಯನ್ನು ಚೀಲವಿಲ್ಲದೆ ವಿಶೇಷ ರೈಲುಬಂಡಿಗಳಲ್ಲಿ ಸಾಗಿಸುವ ಏರ್ಪಾಡಾಯಿತು. ದಾರಿಯುದ್ದಕ್ಕೂ ರಾಶಿಯಾಗಿಯೇ ಬಂದ ಗೋಧಿಯನ್ನು ಹಂಚಿಕೆಗೆ ಮುನ್ನ ಚೀಲಕ್ಕೆ ತುಂಬಲೇಬೇಕು. ಚೀಲವಾದೊಡನೆ ಅದನ್ನು ಹೊರಲು ಹಮಾಲನೂ ಬೇಕು. ವಯಸ್ಕ ಪುರುಷನು ಹೊರುವ ಭಾರವು 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲಿ ಮಾಡಿದ ಶಿಫಾರಸು ಅವನ ವಿಷಯದಲ್ಲಿ ಇಂದಿಗೂ ಅರ್ಥವುಳ್ಳದ್ದಾಗಿದೆ.

ಆದುದರಿಂದ ಇಂಥ ಯಂತ್ರಗಳ ಚರಿತ್ರೆಯನ್ನು ಅಭ್ಯಸಿಸುವವರು, ಅವುಗಳ ವೇಗದೊಡನೆ ಇನ್ನೆರಡು ಸಂಗತಿಗಳನ್ನೂ ವಿಚಾರಿಸುವುದು ಉಚಿತ: ತಕ್ಕಡಿಯು ಈಗ ಯಾರ ವಶದಲ್ಲಿದೆ, ರಾಶಿಯು ಮರಳಿ ಚೀಲವಾಗುವ ಸ್ಥಳದಲ್ಲಿ ಯಾರ ಬೆನ್ನು ಬಾಗಿದೆ.