ಪ್ರಯೋಗಶಾಲೆಯ ಇಲಿ ಮತ್ತು ನೋವಿನ ವಿಚಾರ

‘ಪ್ರಾಣಿ’ ಎಂಬ ಶಬ್ದಕ್ಕೆ ಪ್ರಾಣವುಳ್ಳುದು ಎಂಬುದೇ ಅರ್ಥ. ಅದರಲ್ಲಿ ಗಾತ್ರದ ಸೂಚನೆಯಿಲ್ಲ. ಆನೆಗೂ ಇಲಿಗೂ ಆ ಹೆಸರು ಸಮಾನವಾಗಿ ಸಲ್ಲುತ್ತದೆ. 1960ರ ಭಾರತೀಯ ಪ್ರಾಣಿಹಿಂಸಾ ನಿವಾರಣ ಅಧಿನಿಯಮವೂ ಮನುಷ್ಯನನ್ನುಳಿದು ಜೀವವಿರುವುದೆಲ್ಲವೂ ಪ್ರಾಣಿಯೇ ಎಂದು ನಿರೂಪಿಸಿದೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಹಾಗಲ್ಲ. ಅಲ್ಲಿಯ ಪ್ರಾಣಿಕಲ್ಯಾಣ ಶಾಸನಕ್ಕೆ 2002ರಲ್ಲಿ ಆದ ತಿದ್ದುಪಡಿಯಂತೆ, ಸಂಶೋಧನೆಗೆಂದೇ ಸಾಕಿದ ಇಲಿಗಳೂ ಪಕ್ಷಿಗಳೂ ಆ ಶಾಸನದ ಮಟ್ಟಿಗೆ ಪ್ರಾಣಿಗಳೇ ಅಲ್ಲ. ಸರಕಾರದ ಧನಸಹಾಯ ಪಡೆಯುವ ಸಂಸ್ಥೆಗಳಿಗೆ ಬೇರೆ ಕಟ್ಟುಪಾಡುಗಳುಂಟೆಂಬುದು ನಿಜ. ಆದರೂ ಪ್ರಯೋಗಶಾಲೆಗಳಲ್ಲಿ ಅತ್ಯಧಿಕವಾಗಿ ಬಳಕೆಯಾಗುವ ಜೀವಿಯೇ ಪ್ರಾಣಿಯೆಂಬ ಹೆಸರನ್ನು ಕಳೆದುಕೊಂಡಿತೆಂಬುದು ವಿಚಾರಾರ್ಹ. ವ್ಯಾಕರಣವು ಒಪ್ಪದ ಅರ್ಥವನ್ನು ಶಾಸನವು ಒಪ್ಪಿತು.

ವಿಶ್ವವಿದ್ಯಾನಿಲಯಗಳು ಇಲಿಯನ್ನೇ ಆರಿಸಿಕೊಂಡುದಕ್ಕೆ ಕಾರಣಗಳು ಸರಳವಾಗಿವೆ. ಅದು ಸಣ್ಣದು, ಸಾಕುವ ವೆಚ್ಚ ಕಡಿಮೆ, ಸುಮಾರು ಮೂರು ವಾರಗಳ ಗರ್ಭಧಾರಣೆಯಲ್ಲಿ ಹಲವು ಮರಿಗಳನ್ನು ಹಾಕುತ್ತದೆ. ಒಡಹುಟ್ಟಿದವುಗಳನ್ನೇ ಇಪ್ಪತ್ತು ತಲೆಮಾರುಗಳವರೆಗೆ ಕೂಡಿಸಿದರೆ ಒಂದರಂತೆ ಮತ್ತೊಂದಿರುವ ತಳಿ ಸಿದ್ಧವಾಗುತ್ತದೆ. ಇವೆಲ್ಲವೂ ಸೌಕರ್ಯದ ಮಾತುಗಳೇ ಹೊರತು ನೀತಿಯ ಸಮರ್ಥನೆಗಳಲ್ಲ.

ನೀತಿಯ ಸಮರ್ಥನೆಯನ್ನು ಹುಡುಕುವವರು 1940ರ ಮೇ 25ರ ಘಟನೆಯನ್ನು ನೆನೆಯಬೇಕು. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಹೊವರ್ಡ್ ಫ್ಲೋರಿಯವರೂ ಅವರ ಸಹೋದ್ಯೋಗಿಗಳೂ ಎಂಟು ಇಲಿಗಳಿಗೆ ಮಾರಕವಾದ ಸ್ಟ್ರೆಪ್ಟೋಕಾಕಸ್ ರೋಗಾಣುಗಳನ್ನು ಚುಚ್ಚಿದರು. ಅವುಗಳಲ್ಲಿ ನಾಲ್ಕಕ್ಕೆ ಮಾತ್ರ ಪೆನಿಸಿಲಿನ್ ಕೊಟ್ಟರು. ನಾರ್ಮನ್ ಹೀಟ್ಲಿಯವರು ರಾತ್ರಿ ಬಹಳ ಹೊತ್ತು ಎಚ್ಚರವಿದ್ದು ನೋಡುತ್ತಿದ್ದಂತೆ ಔಷಧಿಯಿಲ್ಲದ ನಾಲ್ಕೂ ಸತ್ತವು. ಬೆಳಗಾದಾಗ ಉಳಿದ ನಾಲ್ಕೂ ಜೀವಂತವಾಗಿದ್ದವು. ಆ ಮೇಲೆ ಪೆನಿಸಿಲಿನ್ನಿನಿಂದ ಬದುಕಿದ ಮನುಷ್ಯರನ್ನು ಎಣಿಸುವುದು ಅಸಾಧ್ಯ. ಇಲಿಯ ಮೇಲಿನ ಪ್ರಯೋಗವೆಲ್ಲವೂ ವ್ಯರ್ಥಹಿಂಸೆಯೆನ್ನುವವರು ಈ ಎಂಟು ಇಲಿಗಳಿಗೆ ಉತ್ತರ ಹೇಳಬೇಕಾಗುತ್ತದೆ.

ಆದರೆ ಆ ಘಟನೆಗೆ ಇನ್ನೊಂದು ಮುಖವುಂಟು. ಪೆನಿಸಿಲಿನ್ ಗಿನಿಯಿಲಿಗೆ ವಿಷಪ್ರಾಯವೆಂಬುದು ಅನಂತರ ತಿಳಿದುಬಂದಿತು. ಆಕ್ಸ್‌ಫರ್ಡಿನವರ ಕೈಗೆ ಅಂದು ಗಿನಿಯಿಲಿಗಳು ಸಿಕ್ಕಿದ್ದರೆ ಔಷಧಿಯ ಚರಿತ್ರೆಯೇ ಬೇರೆಯಾಗಬಹುದಿತ್ತು. ಒಂದು ಜಾತಿಯ ಪ್ರಾಣಿಯಿಂದ ದೊರೆತ ಉತ್ತರವು ಮತ್ತೊಂದಕ್ಕೆ ತಾನಾಗಿಯೇ ಅನ್ವಯಿಸುವುದಿಲ್ಲ, ಮನುಷ್ಯನಿಗಂತೂ ಅಲ್ಲ. ಅಂದಮೇಲೆ ಆ ಎಂಟು ಇಲಿಗಳ ಪುಣ್ಯವನ್ನು ಇಂದಿನ ಪ್ರತಿಯೊಂದು ಪಂಜರದ ಲೆಕ್ಕಕ್ಕೂ ಬರೆದುಕೊಳ್ಳುವುದು ನ್ಯಾಯವಲ್ಲ. ಪ್ರತಿಯೊಂದು ಪ್ರಯೋಗವೂ ತನ್ನ ಸಮರ್ಥನೆಯನ್ನು ತಾನೇ ಸಂಪಾದಿಸಿಕೊಳ್ಳತಕ್ಕುದು.

ಇಲಿಗೆ ನೋವಾಗುವುದುಂಟೆ, ಆದರೆ ಅದು ಎಂತಹ ನೋವು ಎಂಬ ಶಂಕೆ ಬಹುಕಾಲ ಇದ್ದಿತು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ನೋವಿನಲ್ಲಿರುವ ಇಲಿಯು ತನ್ನೊಡನೆ ಒಂದೇ ಪಂಜರದಲ್ಲಿ ಬೆಳೆದ ಇಲಿಯೂ ನೋವಿನಿಂದ ಹೊರಳುವುದನ್ನು ಕಂಡರೆ ತಾನು ಇನ್ನಷ್ಟು ಹೊರಳುತ್ತದೆ; ಅಪರಿಚಿತ ಇಲಿಯನ್ನು ಕಂಡಾಗ ಹಾಗಾಗುವುದಿಲ್ಲ. 2010ರಲ್ಲಿ ಅದೇ ವಿಜ್ಞಾನಿಗಳು ಇಲಿಯ ಮುಖದಲ್ಲಿಯೇ ನೋವನ್ನು ಓದುವ ಕ್ರಮವೊಂದನ್ನು ರೂಪಿಸಿದರು. ಕಣ್ಣು ಕಿರಿದಾಗುವುದು, ಮೂಗು ಮತ್ತು ಕೆನ್ನೆ ಉಬ್ಬುವುದು, ಕಿವಿಯ ನಿಲುವು ಬದಲಾಗುವುದು, ಮೀಸೆಗಳು ಸ್ಥಾನ ತಪ್ಪುವುದು ಇವೇ ಅದರ ಲಕ್ಷಣಗಳು. ಇಲಿಯ ನೋವನ್ನು ಅರಿಯುವುದಕ್ಕೂ ಇಲಿಗೆ ನೋವು ಕೊಡಬೇಕಾಯಿತೆಂಬ ವಿಪರ್ಯಾಸವನ್ನು ಇಲ್ಲಿ ಮರೆಯುವಂತಿಲ್ಲ. ಅದೇ ವರ್ಷ ಲಿವರ್‌ಪೂಲ್ ವಿಶ್ವವಿದ್ಯಾನಿಲಯದವರು ತೋರಿಸಿದ ಸಂಗತಿಯೋ ಅತಿ ಸಾಮಾನ್ಯವಾದುದು: ಬಾಲ ಹಿಡಿದು ಎತ್ತಿದರೆ ಇಲಿಗೆ ಭೀತಿ ಹೆಚ್ಚುತ್ತದೆ, ಬೊಗಸೆಯಲ್ಲಿಯೋ ಕೊಳವೆಯಲ್ಲಿಯೋ ಎತ್ತಿದರೆ ಅದು ಶಾಂತವಾಗಿರುತ್ತದೆ. ಪ್ರಯೋಗಶಾಲೆಗಳಲ್ಲಿ ಬಾಲ ಹಿಡಿದೆತ್ತುವುದೇ ಬಹುಕಾಲದಿಂದ ರೂಢಿಯಾಗಿತ್ತು. ಭೀತಿಗೊಂಡ ದೇಹದಿಂದ ಪಡೆದ ಫಲಿತಾಂಶವೂ ಕೆಡುವ ಸಂಭವವಿರುವುದರಿಂದ, ಇಲ್ಲಿ ದಯೆಯೂ ಶಾಸ್ತ್ರಶುದ್ಧಿಯೂ ಒಂದೇ ದಾರಿಯಲ್ಲಿ ನಡೆಯುತ್ತವೆ.

ಈ ದಾರಿಯನ್ನು ಮೊದಲು ಕ್ರಮವಾಗಿ ತೋರಿದವರು ಇಂಗ್ಲೆಂಡಿನ ವಿಲಿಯಂ ರಸೆಲ್ ಮತ್ತು ರೆಕ್ಸ್ ಬರ್ಚ್. 1959ರ ತಮ್ಮ ಗ್ರಂಥದಲ್ಲಿ ಅವರು ಮೂರು ಸೂತ್ರಗಳನ್ನು ಹೇಳಿದರು: ಸಾಧ್ಯವಿದ್ದಲ್ಲಿ ಪ್ರಾಣಿಗೆ ಪರ್ಯಾಯವನ್ನು ಹುಡುಕುವುದು, ಸಂಖ್ಯೆಯನ್ನು ತಗ್ಗಿಸುವುದು, ಉಳಿದಲ್ಲಿ ನೋವನ್ನು ತಗ್ಗಿಸುವಂತೆ ವಿಧಾನವನ್ನು ಪರಿಷ್ಕರಿಸುವುದು. ಎರಡನೆಯದನ್ನು ಜನ ತಪ್ಪಾಗಿ ತಿಳಿಯುವುದುಂಟು. ಸಂಖ್ಯೆ ತೀರ ಕಡಿಮೆಯಾಗಿ ಪ್ರಯೋಗದಿಂದ ಯಾವ ನಿರ್ಣಯವೂ ಹೊರಡದಿದ್ದರೆ ಸತ್ತ ಇಲಿಗಳೆಲ್ಲ ವ್ಯರ್ಥವಾಗಿ ಸತ್ತಂತೆಯೇ. ಲೆಕ್ಕ ತಪ್ಪಿದ ಪ್ರಯೋಗವೂ ಒಂದು ಬಗೆಯ ಕ್ರೌರ್ಯವೇ ಆಗಿದೆ.

ರುಕ್ಮಿಣೀದೇವಿ ಅರುಂಡೇಲರು ರಾಜ್ಯಸಭೆಯಲ್ಲಿ ಮಾಡಿದ ಪ್ರಯತ್ನದ ಫಲವಾದ 1960ರ ಅಧಿನಿಯಮವು ಈ ವಿಷಯದಲ್ಲಿ ಮುಂದಾಲೋಚನೆಯುಳ್ಳದ್ದು. ಪುಸ್ತಕ, ಮಾದರಿ, ಚಲನಚಿತ್ರಗಳಿಂದ ಕಲಿಸಬಹುದಾದಲ್ಲಿ ಪ್ರಾಣಿಯ ಮೇಲೆ ಪ್ರಯೋಗ ಕೂಡದು, ಕೇವಲ ಕೈಚಳಕದ ಅಭ್ಯಾಸಕ್ಕಾಗಿ ಆದಷ್ಟು ಮಟ್ಟಿಗೆ ಪ್ರಯೋಗ ನಡೆಸಬಾರದು ಎಂದು ಅದರ 17ನೆಯ ಪ್ರಕರಣದಲ್ಲಿದೆ. ಆದರೆ ಅದೇ ಪ್ರಕರಣದಲ್ಲಿ, ಸಣ್ಣ ಪ್ರಾಣಿಗಳಿಂದ ಅದೇ ಫಲ ದೊರೆಯುವಂತಿದ್ದರೆ ದೊಡ್ಡ ಪ್ರಾಣಿಗಳನ್ನು ಬಿಡತಕ್ಕುದು ಎಂಬ ಮಾತೂ ಇದೆ. ದೊಡ್ಡವುಗಳ ಮೇಲಿನ ಕರುಣೆಯ ಭಾರವನ್ನು ಸಣ್ಣವು ಹೊರಬೇಕಾಯಿತು. ಪ್ರಾಣಿಯೆಂಬ ಶಬ್ದಕ್ಕೆ ಅಷ್ಟು ವಿಶಾಲವಾದ ಅರ್ಥವನ್ನು ಕೊಟ್ಟ ಶಾಸನವೇ ಗಾತ್ರವನ್ನು ನೋವಿನ ಅಳತೆಗೋಲಾಗಿ ಹಿಡಿದುದು ಸಮಂಜಸವಲ್ಲ.

ತರಗತಿಯ ಪ್ರಶ್ನೆಯಂತೂ ಬಹುಮಟ್ಟಿಗೆ ಇತ್ಯರ್ಥವಾಗಿದೆ. ಪ್ರಾಣಿಶಾಸ್ತ್ರದ ಪದವಿ ಮತ್ತು ಸ್ನಾತಕೋತ್ತರ ತರಗತಿಗಳಲ್ಲಿ ಪ್ರಾಣಿಚ್ಛೇದನವನ್ನು ನಿಲ್ಲಿಸಬೇಕೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2014ರಲ್ಲಿ ಸೂಚಿಸಿತು. ಸಾವಿರ ಸಲ ಸಿದ್ಧಪಟ್ಟ ಸತ್ಯವನ್ನು ಮತ್ತೊಮ್ಮೆ ತೋರಿಸಲು ಇನ್ನೊಂದು ಜೀವ ಬೇಕಿಲ್ಲವೆಂಬುದನ್ನು ಒಪ್ಪಲು ಇಷ್ಟು ಕಾಲ ಹಿಡಿದುದೇ ಆಶ್ಚರ್ಯ. ಸಂಶೋಧನೆಯ ಪ್ರಶ್ನೆ ಮಾತ್ರ ಉಳಿದಿದೆ. 1998ರ ನಿಯಮಗಳ ಮೇರೆಗೆ ಪ್ರತಿಯೊಂದು ಸಂಸ್ಥೆಯೂ ನೀತಿಸಮಿತಿಯೊಂದನ್ನು ಹೊಂದಿರಬೇಕು. ಅದರಲ್ಲಿ ವಿಜ್ಞಾನಿಗಳೂ ಪಶುವೈದ್ಯರೂ ಅಲ್ಲದೆ ವಿಜ್ಞಾನಿಯಲ್ಲದ ಸಾಮಾಜಿಕ ಪ್ರಜ್ಞೆಯುಳ್ಳ ಸದಸ್ಯರೊಬ್ಬರೂ ಇರಬೇಕು. ಪರಿಭಾಷೆ ತಿಳಿಯದ ಆ ಸದಸ್ಯರು ಕೇಳಬಹುದಾದ ಪ್ರಶ್ನೆಗಳು ಎರಡೇ: ಇದಕ್ಕೆ ಇಷ್ಟು ಇಲಿಗಳೇ ಏಕೆ, ಮತ್ತು ಇದು ಮೊದಲೇ ತಿಳಿದ ಸಂಗತಿಯಲ್ಲವೆಂದು ಯಾರು ನೋಡಿದ್ದಾರೆ? ಸಭೆಯಲ್ಲಿ ಅವನ್ನು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಯಿಸುವುದು ಅವರ ಅಧಿಕಾರದಲ್ಲಿದೆ.