ಹೆಲ್ಮೆಟ್ಟಿನೊಳಗೆ ಅಲುಗುವ ಮಿದುಳು

ಅಮೆರಿಕನ್ ಫುಟ್‌ಬಾಲಿನಲ್ಲಿ ಮೈಕ್ ವೆಬ್‌ಸ್ಟರ್ ಆಡುತ್ತಿದ್ದದ್ದು ‘ಸೆಂಟರ್’ ಸ್ಥಾನದಲ್ಲಿ. ಚೆಂಡನ್ನು ಕಾಲ ನಡುವಿನಿಂದ ಹಿಂದಕ್ಕೆ ಕೊಟ್ಟ ಕೂಡಲೇ ಎದುರಾಳಿಗೆ ಢಿಕ್ಕಿ ಹೊಡೆದು ತಡೆಯಬೇಕು. 1974ರಿಂದ 17 ಋತುಗಳು, 245 ಪಂದ್ಯಗಳು. ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದಲ್ಲಿದ್ದಾಗ ನಾಲ್ಕು ಸೂಪರ್ ಬೌಲ್ ಫೈನಲ್ ಗೆದ್ದ ಅವರು ಅಭಿಮಾನಿಗಳಿಗೆ ‘ಐರನ್ ಮೈಕ್’. ನಿವೃತ್ತಿಯಾದ ಮೇಲೆ ಮರೆವು, ಸಿಟ್ಟು, ಬರಿಗೈ. ಎಷ್ಟೋ ರಾತ್ರಿ ಪಿಕಪ್ ಟ್ರಕ್ಕಿನಲ್ಲೇ ಮಲಗಿದರು. 2002ರಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ ಬರೀ 50 ವರ್ಷ.

ಶವಪರೀಕ್ಷೆ ಮಾಡಿದ ಡಾ. ಬೆನೆಟ್ ಒಮಾಲು ಅವರಿಗೆ ಮಿದುಳು ಹೊರನೋಟಕ್ಕೆ ಸರಿಯಾಗಿಯೇ ಕಂಡಿತ್ತು. ತೆಳುವಾಗಿ ಸೀಳಿ ಬಣ್ಣ ಹಾಕಿ ನೋಡಿದಾಗ ಟೌ ಪ್ರೋಟೀನಿನ ಗಂಟುಗಳು ಸಿಕ್ಕವು. ತಲೆಗೆ ಮತ್ತೆ ಮತ್ತೆ ಏಟು ಬಿದ್ದು ಬರುವ ಈ ಮಿದುಳಿನ ಕಾಯಿಲೆಯೇ ಸಿಟಿಇ (ಕ್ರಾನಿಕ್ ಟ್ರಾಮ್ಯಾಟಿಕ್ ಎನ್‌ಸೆಫಲೋಪತಿ). ಹೆಲ್ಮೆಟ್ ತಲೆಬುರುಡೆಯನ್ನು ಕಾಯುತ್ತದೆ, ನಿಜ. ಆದರೆ ಒಣಕಾಯಿಯ ಚಿಪ್ಪು ಒಡೆಯದಿದ್ದರೂ ಒಳಗಿನ ಗಿಟುಕು ಕುಲುಕುವ ಹಾಗೆ ಮಿದುಳು ಒಳಗೇ ಅಲುಗುತ್ತದೆ, ನರತಂತುಗಳು ಜಗ್ಗುತ್ತವೆ. ತಲೆಸುತ್ತು ಬರಿಸಿ ಬೀಳಿಸಿದ ಏಟುಗಳಷ್ಟೇ ಲೆಕ್ಕಕ್ಕೆ ಬರುವುದಲ್ಲ. ಲಕ್ಷಣವೇ ತೋರದ ಸಣ್ಣ ಏಟುಗಳೂ ವರ್ಷಗಟ್ಟಲೆ ಕೂಡುತ್ತಾ ಹೋಗುತ್ತವೆ.

2005ರಲ್ಲಿ ಒಮಾಲು ಇದರ ಕುರಿತು ಪ್ರಬಂಧ ಪ್ರಕಟಿಸಿದರೆ, ಎನ್‌ಎಫ್‌ಎಲ್ ಎಂಬ ವೃತ್ತಿಪರ ಲೀಗಿನ ವೈದ್ಯರು ಅದನ್ನು ಹಿಂಪಡೆಯಲು ಒತ್ತಾಯಿಸಿದರು. ಸೋಜಿಗವೆಂದರೆ, ವೆಬ್‌ಸ್ಟರ್ ಅವರ ಅಂಗವೈಕಲ್ಯಕ್ಕೆ ಆಟದ ಏಟುಗಳೇ ಕಾರಣವೆಂದು ಲೀಗಿನ ನಿವೃತ್ತಿ ಮಂಡಳಿ 1999ರಲ್ಲೇ ಒಪ್ಪಿ ಪಿಂಚಣಿ ಕೊಟ್ಟಿತ್ತು! ಲೀಗಿನ ಅಧಿಕಾರಿಯೊಬ್ಬರು ಫುಟ್‌ಬಾಲಿಗೂ ಸಿಟಿಇಗೂ ಇರುವ ನಂಟನ್ನು ಬಹಿರಂಗವಾಗಿ ಒಪ್ಪಿದ್ದು 2016ರಲ್ಲಿ.

ಬಾಸ್ಟನ್ ವಿಶ್ವವಿದ್ಯಾಲಯ 2023ರ ವೇಳೆಗೆ ಪರೀಕ್ಷಿಸಿದ್ದ 376 ಮಾಜಿ ಎನ್‌ಎಫ್‌ಎಲ್ ಆಟಗಾರರ ಮಿದುಳುಗಳಲ್ಲಿ 345ರಲ್ಲಿ ಸಿಟಿಇ ಇತ್ತು. ಅನುಮಾನ ಬಂದ ಕುಟುಂಬಗಳೇ ಹೆಚ್ಚಾಗಿ ಮಿದುಳು ದಾನ ಮಾಡುವುದರಿಂದ, ಇದನ್ನು ಎಲ್ಲ ಆಟಗಾರರಿಗೂ ಅನ್ವಯಿಸುವಂತಿಲ್ಲ. ನನ್ನನ್ನು ಹೆಚ್ಚು ಕಾಡುವುದು ಬೇರೆಯೇ ಲೆಕ್ಕ: ಮೂವತ್ತು ತುಂಬುವ ಮೊದಲೇ ಸತ್ತ, ಮೈಗೆ ಮೈ ತಾಗುವ ಆಟಗಳ 152 ಆಟಗಾರರಲ್ಲಿ 63 ಮಂದಿಗೆ ಈ ಕಾಯಿಲೆ ಇತ್ತು. ಆ 63 ಮಂದಿಯಲ್ಲಿ ಹೆಚ್ಚಿನವರು ವೃತ್ತಿಪರರಲ್ಲ, ಹವ್ಯಾಸಿಗಳು. ಫುಟ್‌ಬಾಲ್ ಆಡಿದ ಪ್ರತಿ 2.6 ವರ್ಷಕ್ಕೆ ಈ ಕಾಯಿಲೆಯ ಸಂಭವ ಇಮ್ಮಡಿಯಾಗುತ್ತದೆಂದು 2019ರ ಅಧ್ಯಯನ ಹೇಳಿತ್ತು. ಬದುಕಿರುವಾಗ ಇದನ್ನು ಖಚಿತಪಡಿಸುವ ಪರೀಕ್ಷೆ ಇಲ್ಲ, ಗುಣಪಡಿಸುವ ಮದ್ದೂ ಇಲ್ಲ. ಇಂದು ಏಳೆಂಟು ವರ್ಷದ ವಯಸ್ಸಿನಲ್ಲೇ ಹೆಲ್ಮೆಟ್ ತೊಟ್ಟು ಕಣಕ್ಕಿಳಿಯುವ ಹುಡುಗರ ಪಾಡು ತಿಳಿಯುವುದು ಎಷ್ಟೋ ದಶಕಗಳ ನಂತರ.

ಅಮೆರಿಕದಲ್ಲಿರುವ ಕನ್ನಡದ ತಂದೆತಾಯಿಯರೇ, ಮಗ ಫುಟ್‌ಬಾಲ್ ಆಡುತ್ತೇನೆಂದರೆ ಬೇಡವೆನ್ನಬೇಕಿಲ್ಲ. ಕೆಡವುವ ಬದಲು ಸೊಂಟದ ಪಟ್ಟಿ ಕಿತ್ತುಕೊಳ್ಳುವ ಫ್ಲ್ಯಾಗ್ ಫುಟ್‌ಬಾಲ್ ಇದೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೂ ಅದು ಸೇರಿದೆ. ಹದಿನಾಲ್ಕು ತುಂಬುವವರೆಗಾದರೂ ಅದನ್ನೇ ಆಡಿಸಿ.